ಮೂವರ ತೂಕ

ಮೂವತ್ತೊಂದು ವರ್ಷದಿಂದ ನಾನು ಒಂದೇ ಪೆಟ್ಟಿಗೆಯೊಳಗೆ ಕೂತಿದ್ದೇನೆ. ಆರು ಅಂತಸ್ತಿನ ಹಳೆಯ ಕಟ್ಟಡದ ಲಿಫ್ಟು ಅದು. ಗುಂಡಿ ಒತ್ತಿದರೆ ಹೋಗುವಂಥದ್ದಲ್ಲ, ಹಿಡಿಕೆ ತಿರುಗಿಸಬೇಕು. ಆರು ಜನ, ನಾನೂರ ಎಂಟು ಕಿಲೋ ಎಂದು ಹಿತ್ತಾಳೆಯ ಫಲಕದಲ್ಲಿದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಒಳಗೆ ಕಾಲಿಟ್ಟವರ ತೂಕ ನನ್ನ ಅಂಗಾಲಿಗೆ ಗೊತ್ತಾಗುತ್ತದೆ. ಭಾರ ಜಾಸ್ತಿಯಿದ್ದರೆ ಇಳಿಯುವಾಗ ಲಿಫ್ಟು ನೆಲ ದಾಟಿಬಿಡುತ್ತದೆ, ಹಿಡಿಕೆಯನ್ನು ಒಂದು ಉಸಿರು ಮುಂಚೆಯೇ ಬಿಡಬೇಕು. ತೂಕ ತಿಳಿಯದವನು ಈ ಕೆಲಸ ಮಾಡಲಾರ.

ತಿಳಿದದ್ದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಅಷ್ಟೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ತುಂಬಿದ ಲಿಫ್ಟಿನಲ್ಲಿ ನಾಲ್ಕನೇ ಅಂತಸ್ತಿನ ಟೈಪಿಸ್ಟಮ್ಮನಿಗೆ, “ರಜೆ ಚೆನ್ನಾಗಿ ಕಳೀತು ಅಂತ ಕಾಣುತ್ತೆ, ಮೂರು ಕಿಲೋ ಜಾಸ್ತಿ ತಂದಿದೀರಿ” ಅಂದೆ. ಎಲ್ಲರೂ ನಕ್ಕರು. ಮರುದಿನದಿಂದ ಆಕೆ ಮೆಟ್ಟಿಲು ಹತ್ತಿದರು. ನಿವೃತ್ತಿಯಾಗುವವರೆಗೂ, ಹನ್ನೊಂದು ವರ್ಷ. ದಿನಾ ಬೆಳಿಗ್ಗೆ ಗೋಡೆಯಾಚೆ ಅವರ ಚಪ್ಪಲಿಯ ಸದ್ದು ಕೇಳುತ್ತಿತ್ತು. ಆಮೇಲೆ ನಾನು ಯಾರ ತೂಕದ ಮಾತನ್ನೂ ಆಡಲಿಲ್ಲ.

ಲೋಕದಲ್ಲೇ ಇಲ್ಲದವರ ತೂಕ ಹೇಳಲು ಶುರುಮಾಡಿದ್ದು ಆರನೇ ಅಂತಸ್ತಿಗೆ ಆಟದ ಆಫೀಸು ಬಂದ ಮೇಲೆ. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ಆಟವಂತೆ. ಅದರ ನಿಯಮದ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಪಾತ್ರಗಳನ್ನು ಬರೆಯುವ ಹುಡುಗಿಯೊಬ್ಬಳಿದ್ದಾಳೆ. ಒಂದು ದಿನ ಕೇಳಿದಳು, “ತಾತ, ಆರಡಿ ಹೆಂಗಸು. ಬೆನ್ನಿಗೆ ಗುರಾಣಿ, ಮೈಗೆ ಕಬ್ಬಿಣದ ಅಂಗಿ. ಅವಳೊಬ್ಬಳದೇ ತೂಕ ಎಷ್ಟಿರಬಹುದು? ತೂಗುಸೇತುವೆ ಅವಳನ್ನ ತಡೆಯುತ್ತೋ ಇಲ್ವೋ ಅಂತ ಲೆಕ್ಕ ಹಾಕ್ಬೇಕು.”

“ಎಷ್ಟು ವರ್ಷದಿಂದ ಕಬ್ಬಿಣ ಹೊತ್ತಿದಾಳೆ?”

“ಹತ್ತು.”

“ಹಾಗಾದ್ರೆ ತೊಡೆ, ಹೆಗಲು ಗಟ್ಟಿಯಾಗಿರುತ್ತೆ. ಎಂಬತ್ತೆರಡು ಬರ್ಕೊಳಮ್ಮ.”

ಅಲ್ಲಿಂದ ದಿನಕ್ಕೊಂದು. ಕುಳ್ಳ ಕಮ್ಮಾರ, ಹಸಿದ ಕಳ್ಳ, ಮುದಿ ಮಂತ್ರವಾದಿ. ಎತ್ತರ ಕೇಳುತ್ತಿದ್ದೆ, ಮಾಡುವ ಕೆಲಸ ಕೇಳುತ್ತಿದ್ದೆ, ಹೊಟ್ಟೆಗೆ ಏನು ಬೀಳುತ್ತದೆ ಎಂದು ಕೇಳುತ್ತಿದ್ದೆ. ಆಮೇಲೆ ಹೇಳುತ್ತಿದ್ದೆ.

ಆ ಮಧ್ಯಾಹ್ನ ಅವಳ ಜೊತೆ ಅವಳ ಸಾಹೇಬರೂ ಹತ್ತಿದರು. ಬಾಗಿಲು ಮುಚ್ಚುವ ಮೊದಲೇ ಜಗಳ.

“ಎಂಬತ್ತೆರಡು ಕೆಜಿ ಹೀರೋಯಿನ್ನಾ? ಯಾರಮ್ಮ ಕೊಂಡ್ಕೋತಾರೆ? ನಲವತ್ತೆಂಟು ಮಾಡು.”

“ನಲವತ್ತೆಂಟಾದ್ರೆ ಕತ್ತಿ ಬೀಸಿದ ಕಡೆಗೆ ಅವಳೇ ಹಾರಿ ಹೋಗ್ತಾಳೆ ಸಾರ್.”

ಅದು ನಾನೇ ಅವಳಿಗೆ ಹಿಂದೆ ಹೇಳಿದ್ದ ಮಾತು. ಬಾಗಿಲು ಎಳೆದು ಲಿಫ್ಟನ್ನು ಮೇಲಕ್ಕೆ ಒಯ್ದೆ.

ಐದು ದಾಟಿ ಅರ್ಧಕ್ಕೆ ಬಂದಿದ್ದೆವು. ಮೇಲೆ ಏನೋ ಸುಟ್ಟ ವಾಸನೆ ಬಂತು, ಲಿಫ್ಟು ನಿಂತಿತು. ಫ್ಯಾನೂ ನಿಂತಿತು. ಬಾಗಿಲು ಸರಿಸಿದರೆ ಎದುರಿಗೆ ಬರೀ ಗೋಡೆ. ಚಾವಣಿಯ ಕಿಂಡಿಗೆ ಯಾವ ಕಾಲದಲ್ಲೋ ತಗಡು ಬಡಿದಿದ್ದರು. ಗಂಟೆ ಬಾರಿಸಿದೆ.

ಸಾಹೇಬರು ಜೇಬು ತಡಕಿದರು. ಒಂದು ಸಲ, ಎರಡು ಸಲ. “ಇನ್‌ಹೇಲರ್ ಮೇಜಿನ ಮೇಲೇ ಉಳೀತು” ಎಂದರು, ಯಾರಿಗೂ ಅಲ್ಲ ಎಂಬಂತೆ. ಅವರಿಗೆ ಉಬ್ಬಸ ಇರುವುದು ಆಗಲೇ ನಮಗೆ ಗೊತ್ತಾದದ್ದು.

ಅರ್ಧ ಗಂಟೆಯಾದ ಮೇಲೆ ರಿಪೇರಿಯವನು ಬಂದ. ಮೇಲಿನ ಯಂತ್ರದ ಕೋಣೆಯಿಂದ ಅವನ ದನಿ ಬಾವಿಯೊಳಗೆ ಕೂಗಿದಂತೆ ಇಳಿಯಿತು.

“ಅಜ್ಜಾ, ಮೋಟರ್ ಸುಟ್ಟಿದೆ. ಲಿಫ್ಟನ್ನ ಕೈಯಲ್ಲಿ ಎಳೆಯೋ ಚಕ್ರ ಮುರಿದಿದ್ದು ನಿಮಗೆ ಗೊತ್ತಲ್ಲ. ಬ್ರೇಕ್ ಎತ್ತಿ ತೂಕದ ಮೇಲೇ ತೇಲಿಸ್ತೀನಿ. ಒಳಗೆ ಎಷ್ಟು ತೂಕ?”

ಹಗ್ಗದ ಇನ್ನೊಂದು ತುದಿಯಲ್ಲಿ ಕಬ್ಬಿಣದ ಗಟ್ಟಿಗಳು ತೂಗುತ್ತವೆ. ಲಿಫ್ಟಿನೊಳಗೆ ಇನ್ನೂರ ನಾಲ್ಕು ಕಿಲೋ ಇದ್ದರೆ ಎರಡೂ ಕಡೆ ಸಮ. ಕಡಿಮೆಯಿದ್ದರೆ ಲಿಫ್ಟು ಮೇಲಕ್ಕೆ, ಜಾಸ್ತಿಯಿದ್ದರೆ ಕೆಳಕ್ಕೆ.

“ನಂದು ಐವತ್ತೊಂದು” ಎಂದೆ. ಸುಳ್ಳು ಹೇಳಲು ನನ್ನ ಮೈಯಲ್ಲಿ ಜಾಗವಿಲ್ಲ.

“ಐವತ್ತೆರಡು” ಎಂದಳು ಹುಡುಗಿ. ಅವಳು ಅರವತ್ತೊಂದು.

“ಅರವತ್ತೆಂಟು” ಎಂದರು ಸಾಹೇಬರು. ಅವರದು ತೊಂಬತ್ತನಾಲ್ಕು. ಅವರು ಹೇಳಿದ್ದನ್ನೇ ಕೂಡಿ ಮೇಲಕ್ಕೆ ಕೂಗಿದೆ.

“ನೂರ ಎಪ್ಪತ್ತೊಂದು! ಹಗುರ ಇದೀರಿ. ಮೇಲೆ ಬರ್ತೀರಿ, ಗಟ್ಟಿಯಾಗಿ ಹಿಡ್ಕೊಳಿ.”

ಟಕ್ ಎಂದಿತು. ಲಿಫ್ಟು ಕದಲಲಿಲ್ಲ. ಅವನು ಇನ್ನೊಮ್ಮೆ ಎತ್ತಿದ. ಕದಲಲಿಲ್ಲ.

“ಬ್ರೇಕೇ ಕಚ್ಕೊಂಡಿದೆ ಅಜ್ಜಾ. ಇನ್ನು ಮುಟ್ಟಿದ್ರೆ ಅಪಾಯ. ಕಂಪನಿಯವರು ಬರಬೇಕು, ಸಂಜೆ ಆಗುತ್ತೆ.”

ಸಾಹೇಬರು ನೆಲದಲ್ಲಿ ಕೂತರು. ಕುತ್ತಿಗೆಯ ಗುಂಡಿ ಬಿಚ್ಚಲು ಬೆರಳು ಒಪ್ಪುತ್ತಿರಲಿಲ್ಲ, ನಾನೇ ಬಿಚ್ಚಿದೆ. ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು. ತುಟಿ ಬಣ್ಣಗೆಡುತ್ತಿತ್ತು. ಸಂಜೆಯವರೆಗೆ ಈ ಮನುಷ್ಯ ಉಳಿಯುವುದಿಲ್ಲ ಎನಿಸಿತು.

ಬ್ರೇಕು ಕಚ್ಚಿಲ್ಲ ಎಂದು ನನಗೆ ಗೊತ್ತಿತ್ತು. ನಾವು ಮೂವರೂ ಸೇರಿ ಇನ್ನೂರ ಆರು, ಸಮಕ್ಕಿಂತ ಎರಡೇ ಕಿಲೋ ಜಾಸ್ತಿ; ಅಷ್ಟಕ್ಕೆ ಲಿಫ್ಟು ಕದಲುವುದಿಲ್ಲ. ಸಮತೂಕದಲ್ಲಿ ಸಿಕ್ಕಿಕೊಂಡಿದ್ದೆವು. ಹೇಳಲು ಬಾಯಿ ತೆರೆದರೆ ಆ ಚಪ್ಪಲಿಯ ಸದ್ದು ಕಿವಿಯಲ್ಲಿ. ಹೆಣ್ಣುಮಗಳ ಎದುರಿಗೆ, ಮೇಲೆ ಸೇರಿದ್ದ ಇಡೀ ಆಫೀಸಿನ ಎದುರಿಗೆ, ನೀವು ಸುಳ್ಳು ಹೇಳಿದಿರಿ ಎಂದು ಹೇಗೆ ಕೂಗಲಿ?

“ಅಮ್ಮಾ,” ಎಂದೆ ಮೆಲ್ಲಗೆ, “ಹಾಳೆ ತೆಗಿ. ಒಂದು ಹೊಸ ಪಾತ್ರ ಇದೆ.”

“ಈಗಲಾ ತಾತ?”

“ಈಗಲೇ. ಐದಡಿ ಎಂಟಂಗುಲ ಗಂಡಸು. ಕೂತು ಮಾಡೋ ಕೆಲಸ. ಬೆಲ್ಟು ಕೊನೇ ತೂತಿಗೆ ಬಂದಿದೆ. ಶೂ ಹೊರಗಡೆ ಸವೆದಿದೆ. ಎಷ್ಟು?”

ಅವಳು ನನ್ನ ಮುಖ ನೋಡಿದಳು. ಆಮೇಲೆ ಸಾಹೇಬರ ಶೂ ನೋಡಿದಳು. ದನಿ ತಗ್ಗಿಸಿ, “ತೊಂಬತ್ತು?” ಎಂದಳು.

“ಇನ್ನೊಂದು ಸ್ವಲ್ಪ.”

ನೆಲದಿಂದ ಗೊಗ್ಗರು ದನಿ ಬಂತು. “ತೊಂಬತ್ತ... ನಾಲ್ಕು.” ಸಾಹೇಬರು ಕಣ್ಣು ಮುಚ್ಚಿಕೊಂಡೇ ಇದ್ದರು.

“ಅವನ ಜೊತೆಗೆ ಒಬ್ಬಳು ಹುಡುಗಿ” ಎಂದೆ. “ಅವಳಿಗೆ ಐವತ್ತೆರಡು ಹಾಕಿದೀಯ.”

ಅವಳ ಕೆನ್ನೆ ಕೆಂಪಾಯಿತು. “ತಪ್ಪು ತಾತ. ಅರವತ್ತೊಂದು.”

ನಾನು ಕತ್ತೆತ್ತಿ ಒಟ್ಟು ಮೊತ್ತವನ್ನಷ್ಟೇ ಕೂಗಿದೆ. “ಇನ್ನೂರ ಆರಪ್ಪಾ! ಕೂಡಿದ್ದು ನನ್ನದೇ ತಪ್ಪು. ಮೂರನೇ ಕ್ಲಾಸು!”

ಮೇಲಿಂದ ಅವನು ಬೈದ, ನನ್ನನ್ನೋ ಕಬ್ಬಿಣವನ್ನೋ. “ಸಮ ಇದೆ! ಬ್ರೇಕ್ ಚೆನ್ನಾಗಿದೆ! ಏನಾದ್ರೂ ಭಾರ ತಗೊಂಡು ಬನ್ರೋ, ಚಾವಣಿ ಮೇಲೆ ಹಾಕೋಣ!”

ಆರನೇ ಅಂತಸ್ತಿನ ಬಾಗಿಲಿಂದ ನಮ್ಮ ತಲೆಯ ಮೇಲೆ ಧೊಪ್ ಎಂದು ಪೆಟ್ಟಿಗೆ ಬಿತ್ತು. ಹೋದ ವರ್ಷ ಮಾರಾಟವಾಗದೆ ಉಳಿದ ಆಟದ ಪುಸ್ತಕ. ಎರಡು, ಮೂರು, ನಾಲ್ಕು. ಒಂದೊಂದೂ ಇಪ್ಪತ್ತು ಕಿಲೋ, ಅಂಗಾಲಿಗೆ ಗೊತ್ತಾಯಿತು. ಅದರೊಳಗಿನ ಹೀರೋಯಿನ್ನುಗಳೆಲ್ಲ ನಲವತ್ತೆಂಟರವರೇ ಅಂತೆ.

ಬ್ರೇಕು ಎತ್ತಿದ. ಲಿಫ್ಟು ನಿಧಾನವಾಗಿ ಕೆಳಗೆ ತೇಲಿತು. ಐದನೇ ಅಂತಸ್ತಿನ ನೆಲಕ್ಕೆ ಸಮ ಬರುತ್ತಿದ್ದಂತೆ “ಸಾಕು!” ಎಂದು ಕೂಗಿದೆ. ಬಾಗಿಲಾಚೆ ಇನ್‌ಹೇಲರ್ ಹಿಡಿದ ಕೈಯೊಂದು ಕಾಯುತ್ತಿತ್ತು.

ಹದಿನೈದು ದಿನಕ್ಕೆ ಹೊಸ ಮೋಟರು ಬಂತು. ಹಿಡಿಕೆ ಅದೇ, ಪೆಟ್ಟಿಗೆ ಅದೇ, ನಾನೂ ಅದೇ. ಮೊದಲ ಬೆಳಿಗ್ಗೆ ಸಾಹೇಬರು ಬಂದರು, ನನ್ನನ್ನು ನೋಡಿದರು, ಮೆಟ್ಟಿಲ ಕಡೆ ತಿರುಗಿದರು.

ಖಾಲಿ ಲಿಫ್ಟನ್ನು ಒಂದನೇ ಅಂತಸ್ತಿಗೆ ಒಯ್ದು ಬಾಗಿಲು ತೆಗೆದು ನಿಂತೆ. ಗೋಡೆಯಾಚೆ ಅವರ ಉಸಿರು ದಾಟಿ ಹೋಯಿತು. ಎರಡನೆಯದಕ್ಕೆ ಒಯ್ದೆ. ದಾಟಿ ಹೋಯಿತು. ಮೂರನೆಯದರಲ್ಲಿ ಉಸಿರು ನಿಂತುಕೊಂಡಿತು. ಬಾಗಿಲು ತೆರೆದೇ ಇಟ್ಟೆ, ಕರೆಯಲಿಲ್ಲ.

ಸುಮಾರು ಹೊತ್ತಾದ ಮೇಲೆ ಒಳಗೆ ಬಂದು ಗೋಡೆಗೆ ಮುಖ ಮಾಡಿ ನಿಂತರು.

“ಆ ಎಂಬತ್ತೆರಡನ್ನ ಎಪ್ಪತ್ತು ಮಾಡ್ಸಿದೀನಿ” ಎಂದರು. “ಅದಕ್ಕಿಂತ ಜಾಸ್ತಿ ಆಗೋದಿಲ್ಲ.”

“ಆಗಲಿ ಸಾರ್.”

ತೊಂಬತ್ತಮೂರು ಇದ್ದರು. ಹಿಡಿಕೆ ತಿರುಗಿಸಿದೆ.