ಸಾಂದರ್ಭಿಕ ಚಿತ್ರ

"ಮೂರು ಕಾಲಂ ಖಾಲಿ ಇದೆಯಲ್ಲಮ್ಮಾ. ಆ ಹೆಂಗಸನ್ನ ಹಾಕು" ಎಂದ ಕತ್ತರಿ, ತನ್ನ ಪರದೆಯಿಂದ ಕಣ್ಣು ಎತ್ತದೆ.

"ಯಾವ ಹೆಂಗಸು ಸರ್?"

"ಅದೇ, ಗುಡ್ಡದವಳು. ಮಗು ಇಟ್ಕೊಂಡು ಕೂತಿರ್ತಾಳಲ್ಲ. ಸಂಗ್ರಹದಲ್ಲಿ ಹುಡುಕು, ಸಿಗ್ತಾಳೆ. ಎಲ್ಲಿಗೆ ಹೋಗ್ತಾಳೆ!"

ಕತ್ತರಿ ಎಂದರೆ ಆ ಪತ್ರಿಕೆಯ ಹಿರಿಯ ಉಪಸಂಪಾದಕ. ಎಂಥ ಸುದ್ದಿ ಬಂದರೂ ಮೊದಲು ಅರ್ಧಕ್ಕೆ ಕತ್ತರಿಸಿ ಆಮೇಲೆ ಓದುತ್ತಾನೆಂದು ಆ ಹೆಸರು ಬಿದ್ದಿತ್ತು. ಅವಳು ಪುಟ ಜೋಡಿಸುವ ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು. ಗುಡ್ಡದ ಜನರಲ್ಲಿ ಆ ಕಚೇರಿಯ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಸಂಪಾದಕರು ಅವಳನ್ನು ಎಲ್ಲರೆದುರು ನಿಲ್ಲಿಸಿ, "ಇನ್ನು ಮೇಲೆ ನಮ್ಮ ಕಡೆ ಯಾರೂ ಬೆರಳು ತೋರಿಸೋ ಹಾಗಿಲ್ಲ" ಎಂದು ಚಪ್ಪಾಳೆ ತಟ್ಟಿಸಿದ್ದರು. ಚಪ್ಪಾಳೆ ಅವಳಿಗೋ ಪತ್ರಿಕೆಗೋ ಎಂಬುದು ತಟ್ಟಿದವರಿಗೂ ಗೊತ್ತಿರಲಿಲ್ಲ.

ಸಂಗ್ರಹದಲ್ಲಿ "ಗುಡ್ಡದ ಹೆಂಗಸು, ಸಾಮಾನ್ಯ" ಎಂಬ ಹೆಸರಿನಡಿ ಒಂದೇ ಒಂದು ಚಿತ್ರವಿತ್ತು. ಕೆದರಿದ ಕೂದಲು, ಬಿಗಿದ ತುಟಿ, ನೇರ ನೋಡುವ ಕಣ್ಣು, ತೊಡೆಯ ಮೇಲೊಂದು ಬತ್ತಲೆ ಮಗು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಈ ದಿನ ಬರುತ್ತದೆಂದು ಗೊತ್ತಿದ್ದೇ ಬಂದವಳು.

"ಸರ್, ಇದು ನಮ್ಮಮ್ಮ. ಆ ಮಗು ನಾನು."

ಕತ್ತರಿ ಈಗ ಎದ್ದು ಬಂದು ಚಿತ್ರವನ್ನೊಮ್ಮೆ ಅವಳನ್ನೊಮ್ಮೆ ನೋಡಿದ. ಕೆಟ್ಟ ಮನುಷ್ಯನಲ್ಲ. ಏನಾದರೂ ಒಳ್ಳೆಯ ಮಾತು ಆಡಬೇಕೆನಿಸಿರಬೇಕು.

"ಹೌದಾ! ಒಳ್ಳೇದೇ ಆಯ್ತು ಬಿಡು. ಮನೆಯವರದ್ದೇ ಚಿತ್ರ, ಕೇಳೋರು ಯಾರಿದಾರೆ?"

ಪುಟ ಅಚ್ಚಿಗೆ ಹೋಗಲು ಹತ್ತು ನಿಮಿಷವಿತ್ತು. ಅವಳು ಹಾಕಿದಳು.

ಆ ಚಿತ್ರದ ಕಥೆ ಗುಡ್ಡದಲ್ಲಿ ಎಲ್ಲರಿಗೂ ಬಾಯಿಪಾಠ. ಅಂದು ಅಮ್ಮ ತಲೆಗೆ ನೀರು ಹಾಕಿಕೊಂಡು, ಮಗಳಿಗೂ ಸ್ನಾನ ಮಾಡಿಸಿ, ಬಿಸಿಲಿಗೆ ಕೂದಲು ಹರಡಿ, ಪಕ್ಕದ ಮನೆಯವಳ ಕಾಲೆಳೆಯುತ್ತ ಕೂತಿದ್ದಳು. ಅಮ್ಮ ಮಾತಿನ ಮಲ್ಲಿ. ಅವಳು ನಕ್ಕರೆ ಕೆಳಗಿನ ಹಳ್ಳದವರೆಗೂ ಕೇಳುತ್ತಿತ್ತು. ಕ್ಯಾಮೆರಾದವನು ಬಂದು "ನಗಬೇಡಿ" ಎಂದ. ಅವಳು ಅದಕ್ಕೂ ನಕ್ಕಳು. ಮೂರು ಸಲ ಹೇಳಿಸಿಕೊಂಡು, ಪಾಪ, ಅಷ್ಟು ದೂರದಿಂದ ಬಂದಿದ್ದಾನೆ ಎಂದು ನಾಲ್ಕನೆಯ ಸಲ ತುಟಿ ಬಿಗಿಹಿಡಿದಳು. ಅವನ ಮೇಲಿನ ಆ ಕನಿಕರ ಇಪ್ಪತ್ತೈದು ವರ್ಷ ಅವಳನ್ನು ತಿಂದಿತು. ಹಸಿವಿನ ಸುದ್ದಿಗೆ ಅದೇ ಚಿತ್ರ, ಕುಡಿತದ ಸುದ್ದಿಗೆ ಅದೇ ಚಿತ್ರ, ಓದು ಬಾರದವರ ಅಂಕಿಅಂಶಕ್ಕೂ ಅದೇ.

ಒಮ್ಮೆ ಆ ಚಿತ್ರ, ಹೆತ್ತ ಮಕ್ಕಳನ್ನು ಮಾರುವ ತಾಯಂದಿರ ಸುದ್ದಿಗೆ ಮೊದಲ ಪುಟದಲ್ಲಿ ದೊಡ್ಡದಾಗಿ ಬಂತು. ಆ ವಾರ ಪೇಟೆಯಲ್ಲಿ ಒಬ್ಬ ಅಂಗಡಿಯವನು ಅಮ್ಮನ ಗುರುತು ಹಿಡಿದು, ಪಕ್ಕದಲ್ಲಿದ್ದ ಮಗಳ ಕೆನ್ನೆ ಹಿಂಡಿ, "ಇದಕ್ಕೆಷ್ಟು ಹೇಳ್ತೀಯಾ?" ಎಂದ. ಸುತ್ತಲಿದ್ದವರು ನಕ್ಕರು. ಅಮ್ಮ ಮತ್ತೆಂದೂ ಪೇಟೆಗೆ ಇಳಿಯಲಿಲ್ಲ, ಯಾರ ಕ್ಯಾಮೆರಾಕ್ಕೂ ಮುಖ ಕೊಡಲಿಲ್ಲ. ಗುರುತಿನ ಚೀಟಿಗೆ ಫೋಟೋ ತೆಗೆಯುವಾಗಲೂ ಸರಕ್ಕನೆ ತಿರುಗಿಬಿಟ್ಟಳು. ಆ ಚೀಟಿಯಲ್ಲಿರುವುದು ಒಂದು ಕಿವಿ ಮತ್ತು ಒಂದಿಷ್ಟು ಕಪ್ಪು. ತಾಲೂಕು ಕಚೇರಿಯವರಿಗೆ ಅಷ್ಟು ಗುರುತು ಸಾಕಾಯಿತು.

ಮಗಳಿಗೆ ಪತ್ರಿಕೆಯಲ್ಲಿ ಕೆಲಸ ಸಿಕ್ಕಿದಾಗ ಅಮ್ಮ ಕೇಳಿದ್ದು ಒಂದೇ ಮಾತು. "ಅದನ್ನ ತೆಗ್ಸಿ ಹಾಕ್ತೀಯಾ? ನಾನು ಕಣ್ಣು ಮುಚ್ಚೋದ್ರೊಳಗೆ ತೆಗ್ಸಿ ಹಾಕು ಮಗಾ."

ಮಗಳು ಎರಡು ವರ್ಷ ಕಚೇರಿಯಲ್ಲಿ ಕೇಳಿದಳು. ಬೇರೆ ಚಿತ್ರ ತೆಗೆಸಿ ಎಂದರೆ ಗುಡ್ಡಕ್ಕೆ ಗಾಡಿ ಹೋಗುವುದಿಲ್ಲ ಎಂದರು. ಸಂಪಾದಕರ ಬಳಿಗೇ ಹೋದಾಗ ಅವರ ಮುಖ ಅರಳಿತು. "ಓದುಗರಿಗೆ ಆ ಮುಖ ರೂಢಿಯಾಗಿದೆ ಕಣಮ್ಮಾ. ಒಂದು ಕೆಲಸ ಮಾಡು. ಆ ಮಗು ಈಗ ಎಲ್ಲಿದೆ ಅಂತ ನೀನೇ ಬರಿ. ಚಿತ್ರ ಐದು ಕಾಲಂ ಹಾಕೋಣ." ಅಂದಿನಿಂದ ಕೇಳುವುದನ್ನು ಬಿಟ್ಟಳು.

ಆಮೇಲೆ ಕಾಲ ತಾನಾಗಿ ಕೂಡಿಬಂತು. ಹಳೆಯ ಸಂಗ್ರಹವನ್ನೆಲ್ಲ ಹೊಸ ಯಂತ್ರಕ್ಕೆ ಏರಿಸುವ ಕೆಲಸ ಅವಳ ಪಾಲಿಗೆ ಬಂತು. ಅದೊಂದನ್ನು ಏರಿಸಲಿಲ್ಲ, ಹಳೆಯದರಿಂದಲೂ ಅಳಿಸಿದಳು. ಸಂಗ್ರಹ ಕಾಯುವ ತಾತ ಕಪಾಟಿನಿಂದ ನೆಗೆಟಿವ್ ಹುಡುಕಿ ಅವಳ ಕೈಗಿತ್ತ. "ನಾನೇನೂ ನೋಡ್ಲಿಲ್ಲಮ್ಮಾ. ನಂಗೆ ಕಣ್ಣು ಮಂಜು ಅಂತ ಎಲ್ರಿಗೂ ಗೊತ್ತು" ಎಂದ.

ಆ ಭಾನುವಾರ ಅಮ್ಮ ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು ನೋಡಿ, "ಅಯ್ಯೋ, ಕೂದಲೆಲ್ಲ ಬೆಳ್ಳಗಾಗಿದೆ, ನಾನೇ ವಾಸಿ" ಎಂದು ಒಲೆಗೆ ಹಾಕಿದಳು. ಅದು ಸುರುಟಿಕೊಂಡು ಕೆಟ್ಟ ವಾಸನೆ ಹೊಡೆಯಿತು. "ಪೀಡೆ ತೊಲಗಿತು" ಎಂದು ನಕ್ಕಳು ನೋಡಿ, ಎಷ್ಟೋ ವರ್ಷದ ನಗು. ಮಗಳು ಥಟ್ಟನೆ ಫೋನ್ ಎತ್ತಿದಳು. ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಹೀಗೆ ಬೇಡ್ವೇ, ಹೊಗೆ ಹಿಡಿದ ಮುಖ. ಬರೋ ತಿಂಗಳು ಬರ್ತೀಯಲ್ಲ, ತಲೆ ಬಾಚ್ಕೊಂಡು ಹಲ್ಲು ಕಿರಿದು ಕೂತಿರ್ತೀನಿ. ಎಷ್ಟು ಬೇಕೋ ಅಷ್ಟು ತೆಗಿ."

ತಿಂಗಳು ತುಂಬುವ ಮೊದಲೇ ಗುಡ್ಡಕ್ಕೆ ಜ್ವರ ಬಂತು. ಕೆಳಗಿನ ಆಸ್ಪತ್ರೆಯ ಬಾಗಿಲಿಗೆ ಬೀಗವಿತ್ತು, ವೈದ್ಯರು ವರ್ಗವಾಗಿ ಆರು ವಾರ. ಅಮ್ಮ ನಾಲ್ಕನೆಯ ದಿನ ಹೋದಳು. ಸುದ್ದಿ ಇಳಿದು ಬಂದು ಮಗಳು ಹತ್ತಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ವಾಪಸು ಬಂದವಳಿಗೆ ಒಂದೇ ಹಟ. ಅದೇ ಪತ್ರಿಕೆಯಲ್ಲಿ, ಅಮ್ಮನ ಮುಖದ ಕೆಳಗೆ ಅಮ್ಮನ ಹೆಸರು ಒಂದೇ ಒಂದು ಸಲ ಬರಬೇಕು.

"ನಿಧನ ವಾರ್ತೆಯಲ್ಲಿ ಜಾಗ ನಾನು ಕೊಡ್ತೀನಿ" ಎಂದ ಕತ್ತರಿ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. "ಫೋಟೋ ಕೊಡು."

"ಇಲ್ಲ ಸರ್."

"ಆ ಹಳೇದಾದ್ರೂ ಇತ್ತಲ್ಲ?"

"ನಾನೇ ಅಳಿಸಿಬಿಟ್ಟೆ."

ಕತ್ತರಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಾತ ಹಳೆಯ ಸಂಚಿಕೆಗಳ ದಪ್ಪ ಕಟ್ಟುಗಳನ್ನು ಇಳಿಸಿಕೊಟ್ಟ. ಇಬ್ಬರೂ ಧೂಳು ಕುಡಿಯುತ್ತ ಹುಡುಕಿದರು. ಅಮ್ಮ ಹನ್ನೊಂದು ಕಡೆ ಸಿಕ್ಕಳು. ಹತ್ತರಲ್ಲಿ ಮಸಿ ಹರಡಿ ಕಣ್ಣಿದ್ದಲ್ಲಿ ಗುಳಿಯಿತ್ತು. ಸ್ಪಷ್ಟವಾಗಿ ಬಂದದ್ದು ಒಂದೇ ಒಂದು, ಮಕ್ಕಳನ್ನು ಮಾರುವ ತಾಯಂದಿರ ಸಂಚಿಕೆಯದು. ಅಂದು ದೊಡ್ಡ ಸುದ್ದಿಯೆಂದು ಒಳ್ಳೆಯ ಕಾಗದ ಹಾಕಿದ್ದರು. ಅವಳು ತಲೆಬರಹದ ಮೇಲೆ ಬಿಳಿ ಹಾಳೆ ಮುಚ್ಚಿ, ಚಿತ್ರವನ್ನು ಯಂತ್ರಕ್ಕೆ ಕೊಟ್ಟಳು. ಹೊಸ ಯಂತ್ರ ಒಮ್ಮೆ ಅಚ್ಚಾದ ಚಿತ್ರವನ್ನು ಸಂಗ್ರಹದಿಂದ ಅಳಿಸಲು ಬಿಡುವುದಿಲ್ಲ. ಅದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮರುದಿನ ಒಳಪುಟದಲ್ಲಿ, ಅಂಚೆಚೀಟಿಗಿಂತ ತುಸು ದೊಡ್ಡದಾಗಿ, ಅಮ್ಮ ನಗದೆ ಬಂದಳು. ಕೆಳಗೆ ಹೆಸರಿತ್ತು.

ಮೂರು ವಾರದಲ್ಲಿ ಗುಡ್ಡದಲ್ಲಿ ಸತ್ತವರು ಒಂಬತ್ತು ಮಂದಿಯಾದರು. ಬೀಗ ಹಾಗೇ ಇತ್ತು. ಅವಳು ಮೊದಲ ಬಾರಿಗೆ ತಾನೇ ಬರೆದಳು. ಅರವತ್ತು ಸಾಲು, ಒಂಬತ್ತು ಹೆಸರು, ಒಬ್ಬೊಬ್ಬರನ್ನು ಎಷ್ಟು ದೂರ ಹೊತ್ತು ತಂದರು, ಬೀಗದ ಮುಂದೆ ಎಷ್ಟು ಹೊತ್ತು ಕೂತಿದ್ದರು ಎಂಬುದೆಲ್ಲ. ಕತ್ತರಿ ಒಂದಕ್ಷರ ಕತ್ತರಿಸದೆ ಕೊನೆಯವರೆಗೆ ಓದಿದ.

"ಇದು ಮೊದಲ ಪುಟಕ್ಕೆ ಹೋಗ್ಬೇಕು ಕಣಮ್ಮಾ. ಇದನ್ನ ನೋಡಿದ್ರೆ ನಾಳೇನೇ ವೈದ್ಯರನ್ನ ಕಳಿಸ್ತಾರೆ. ಚಿತ್ರ ಏನಿದೆ?"

ಅವಳ ಬಳಿ ಬೀಗ ಹಾಕಿದ ಬಾಗಿಲಿನ ಚಿತ್ರವಿತ್ತು. ಗುಡ್ಡದಲ್ಲಿ ಫೋನ್ ಎತ್ತಿದರೆ ಎಲ್ಲರೂ ಮುಖ ತಿರುಗಿಸುತ್ತಿದ್ದರು, ಅದನ್ನು ಕಲಿಸಿದವಳು ಅಮ್ಮನೇ. ಕತ್ತರಿ ಬಾಗಿಲಿನ ಚಿತ್ರ ಹಿಡಿದುಕೊಂಡು ಸಂಪಾದಕರ ಕೋಣೆಗೆ ಹೋಗಿ, ಹಾಗೆಯೇ ಬಂದ.

"ಬಾಗಿಲು ಯಾರು ನೋಡ್ತಾರೆ ಅಂತಾರೆ. ಮುಖ ಇದ್ರೆ ಮೊದಲ ಪುಟ, ಇಲ್ದಿದ್ರೆ ಒಳಗೆ ಎಲ್ಲೋ ಮೂಲೇಲಿ." ಕುತ್ತಿಗೆ ತುರಿಸಿಕೊಂಡ. "ನಾನೇನೂ ಹೇಳಲ್ಲ. ನೀನೇ ಯೋಚ್ನೆ ಮಾಡು."

ಅವಳು ಗುಡ್ಡದಲ್ಲಿ ಇನ್ನೂ ಜ್ವರದಿಂದ ಮಲಗಿರುವವರನ್ನು ಒಬ್ಬೊಬ್ಬರಾಗಿ ನೆನೆದಳು. ಪಕ್ಕದ ಮನೆಯವಳು, ಅಂದು ಅಮ್ಮನ ಜೊತೆ ನಕ್ಕವಳು, ಅವಳಿಗೂ ಜ್ವರ. "ತೆಗ್ಸಿ ಹಾಕು ಮಗಾ" ಎಂದ ಮಾತು ಕಿವಿಯಲ್ಲೇ ಇತ್ತು. ತಪ್ಪು ಅನಿಸಿತು. ಬೇರೆ ಯಾವುದೂ ಸರಿ ಅನಿಸಲಿಲ್ಲ. ಸಂಗ್ರಹ ತೆರೆದಳು. ಚಿತ್ರಕ್ಕೆ ಅವಳು ಕೊಟ್ಟಿದ್ದ ಅಮ್ಮನ ಹೆಸರನ್ನು ಯಾರೋ ಅಚ್ಚುಕಟ್ಟಿನವರು ಆಗಲೇ ತಿದ್ದಿದ್ದರು. ಗುಡ್ಡದ ಹೆಂಗಸು, ಸಾಮಾನ್ಯ. ಮೂರು ಕಾಲಂ ಅಗಲಕ್ಕೆ ಅಮ್ಮನನ್ನು ಮೊದಲ ಪುಟದಲ್ಲಿ ಕೂರಿಸಿದಳು.

ಸಂಜೆ ಆರಕ್ಕೆ ಜಾಹೀರಾತು ಬಂತು, ಅರ್ಧ ಪುಟದ್ದು, ಹಾಸಿಗೆ ಮಾರುವವರದು. ಕತ್ತರಿ ಬಂದು ಅವಳ ಹಿಂದೆ ನಿಂತ.

"ಸುದ್ದಿ ಎಂಟು ಸಾಲಿಗೆ ಇಳಿಸ್ಬೇಕಂತೆ."

"ಚಿತ್ರ ತೆಗೆದ್ರೆ ಸುದ್ದಿ ಪೂರ್ತಿ ಹಿಡಿಯತ್ತೆ ಸರ್."

"ಚಿತ್ರ ಇರ್ಲಿ ಅಂದ್ರು. ಎರಡು ಕಾಲಂ."

ಅವನ ಕೈ ಅವಳ ಕುರ್ಚಿಯ ಬೆನ್ನಿನ ಮೇಲೆ ಒಂದು ಗಳಿಗೆ ಇತ್ತು. ಆಮೇಲೆ ಹೋಗಿಬಿಟ್ಟ. ಅಷ್ಟು ವರ್ಷದಲ್ಲಿ ಅವನು ಕತ್ತರಿಸುವುದನ್ನು ಇನ್ನೊಬ್ಬರಿಗೆ ಬಿಟ್ಟದ್ದು ಅದೇ ಮೊದಲು.

ಅವಳು ಕೆಳಗಿನಿಂದ ಅಳಿಸುತ್ತ ಬಂದಳು. ಹೊತ್ತು ತಂದ ದಾರಿ ಹೋಯಿತು, ಬೀಗ ಹೋಯಿತು, ಹೆಸರುಗಳು ಒಂದೊಂದಾಗಿ ಹೋದವು. ಅಮ್ಮನದು ಐದನೆಯದು. ಕೊನೆಗೆ "ಒಂಬತ್ತು ಮಂದಿ" ಎಂಬುದು ಉಳಿಯಿತು. ಚಿತ್ರದ ಅಡಿಯ ಚೌಕದಲ್ಲಿ ಏನಾದರೂ ತುಂಬದೆ ಯಂತ್ರ ಪುಟವನ್ನು ಮುಂದಕ್ಕೆ ಬಿಡುವುದಿಲ್ಲ. "ಸಾಂದರ್ಭಿಕ ಚಿತ್ರ" ಎಂದು ಹೊಡೆದಳು.

ಇನ್ನು ಎರಡು ಕಾಲಂಗೆ ಇಳಿಸುವುದೊಂದು ಬಾಕಿ. ಮುಖ ಉಳಿಯಬೇಕಾದರೆ ಮಗು ಹೋಗಬೇಕು. ಚೌಕದ ಅಂಚನ್ನು ಹಿಡಿದು ಮೆಲ್ಲಗೆ ಒಳಕ್ಕೆ ಎಳೆದಳು. ಮಗುವಿನ ಕಾಲು ಹೋಯಿತು, ತೊಡೆ ಹೋಯಿತು, ಇನ್ನೂ ಒದ್ದೆಯಿದ್ದ ತಲೆ ಹೋಯಿತು. ಅಂಚಿನಲ್ಲಿ ಅಮ್ಮನ ನಾಲ್ಕು ಬೆರಳು ಉಳಿದುಕೊಂಡವು, ಏನೋ ಜಾರಿ ಬೀಳದಂತೆ ಒತ್ತಿ ಹಿಡಿದ ಹಾಗೆ.