ಫೋಟೋಕ್ಕೆ ತಂದ ಹೆಲ್ಮೆಟ್

ಹೆಲ್ಮೆಟ್ಟಿನ ಒಳಗಿನ ಸ್ಪಂಜು ಕೊಳೆತು ಕೈಗೆ ಪುಡಿಪುಡಿಯಾಗಿ ಬರುತ್ತಿತ್ತು. ಮೂಗಿನ ಹತ್ತಿರ ತಂದರೆ ಹಳೇ ಬೆವರಿನ ಹುಳಿ ವಾಸನೆ. ಎಷ್ಟು ತಲೆಗಳು ಅದರೊಳಗೆ ಬೆಂದಿದ್ದವೋ ಯಾರಿಗೆ ಗೊತ್ತು? ಠಾಣೆಯಲ್ಲಿ ಪೇದೆಗಳು ಹೆಚ್ಚು, ಹೆಲ್ಮೆಟ್ಟುಗಳು ಕಡಿಮೆ. ಒಂದು ಪಾಳಿಯವನು ಕಳಚುವುದನ್ನೇ ಕಾಯುತ್ತ ಇನ್ನೊಂದು ಪಾಳಿಯವನು ನಿಂತಿರುತ್ತಿದ್ದ. ಮುಖದ ಮುಂದೆ ಇರಬೇಕಾದ ಗಾಜು ಎಂದೋ ಒಡೆದು ಹೋಗಿತ್ತು. ನೆತ್ತಿಯ ಮೇಲೆ ಕೂದಲೆಳೆಯಂಥ ಬಿರುಕು. ಗದ್ದದ ಕೆಳಗಿನ ಪಟ್ಟಿ ಕಿತ್ತು ಹೋಗಿದ್ದರಿಂದ ಗೋಣಿದಾರ ಕಟ್ಟಿದ್ದರು.

ಪೇದೆ ಅದನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ಮನೆಗೆ ತಂದ. ಅವನ ಹೆಂಡತಿ ಹೊಲಿಗೆಯವಳು. ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ, ಕಿಟಕಿಯ ಪಕ್ಕ ಅವಳ ಮೆಷಿನ್ನು ಇತ್ತು.

"ಇದಕ್ಕೊಂದು ಪಟ್ಟಿ ಹಾಕ್ಕೊಡೇ. ದಾರ ಕತ್ತು ಕುಯ್ಯುತ್ತೆ," ಎಂದ.

"ಸರ್ಕಾರದ ಹೆಲ್ಮೆಟ್ಟಿಗೆ ನಾನ್ಯಾಕ್ರೀ ಹೊಲಿಗೆ ಹಾಕ್ಲಿ? ಹೊಸದು ಕೇಳ್ಬಾರ್ದಾ?"

"ಕೇಳಿದ್ದಾಯ್ತು. ಬರುತ್ತೆ ಅಂದ್ರು."

"ಯಾವಾಗ?"

"ನಾನು ಕೆಲಸಕ್ಕೆ ಸೇರಿದಾಗಿಂದ ಬರ್ತಾನೇ ಇದೆ. ಪಾಪ, ನಡ್ಕೊಂಡು ಬರ್ತಿದೆಯೇನೋ."

ಅವಳಿಗೆ ನಗು ಬಂತು. ಮಗಳ ಹಳೇ ಸ್ಕೂಲ್ ಬ್ಯಾಗಿನ ಗುಲಾಬಿ ಬಣ್ಣದ ಪಟ್ಟಿಯನ್ನು ಬಿಚ್ಚಿದಳು. ಮೆಷಿನ್ನಿನ ಸೂಜಿ ಒಳಗೆ ಇಳಿಯಲಿಲ್ಲ. ದಬ್ಬಣ ತಗೊಂಡು ಕೈಯಲ್ಲೇ ಚುಚ್ಚಿ ಚುಚ್ಚಿ ಹೊಲಿದಳು. ಠಾಣೆಯಲ್ಲಿ ಎಲ್ಲರೂ ಆ ಗುಲಾಬಿ ಪಟ್ಟಿಯನ್ನು ನೋಡಿ ಗೇಲಿ ಮಾಡಿದರು. ಗೇಲಿ ಮಾಡಿದವರೇ ಅದನ್ನು ಹಾಕಿಕೊಳ್ಳಲು ಪೈಪೋಟಿ ಮಾಡಿದರು.

ಆ ದಿನಗಳಲ್ಲಿ ಊರಿನಲ್ಲಿ ಪೊಲೀಸರ ಮೇಲೆ ಕೈ ಮಾಡುವುದು ಹೆಚ್ಚಾಗಿತ್ತು. ಒಬ್ಬನನ್ನು ಬೈಕಿನಿಂದ ಕೆಡವಿ ತುಳಿದಿದ್ದರು. ಸುತ್ತ ನಿಂತವರು ಬಿಡಿಸಲಿಲ್ಲ, ಮೊಬೈಲಿನಲ್ಲಿ ಚಿತ್ರ ಹಿಡಿದರು. ಆ ವಿಡಿಯೋದ ಕೆಳಗೆ ಜನ ಬರೆದದ್ದನ್ನು ಪೇದೆಯ ಹೆಂಡತಿ ಓದಿದಳು. 'ಸರಿಯಾಗಿ ಆಯ್ತು', 'ಇನ್ನೊಂದೆರಡು ಬಿಡ್ಬೇಕಿತ್ತು.' ಅವತ್ತಿನಿಂದ ಅವಳು ಗಂಡನಿಗೆ ಯೂನಿಫಾರ್ಮಿನ ಮೇಲೆ ಜರ್ಕಿನ್ ಹಾಕಿಸಿ ಕಳಿಸುತ್ತಿದ್ದಳು. ಬಿಸಿಲು ಮೈ ಸುಡುತ್ತಿದ್ದರೂ ಅವನು ಕುತ್ತಿಗೆಯ ತನಕ ಜಿಪ್ ಎಳೆದುಕೊಂಡು ಬಸ್ಸು ಹತ್ತುತ್ತಿದ್ದ. ಕಳ್ಳ ಕದ್ದ ಮಾಲನ್ನು ಮುಚ್ಚಿಕೊಂಡಂತೆ ಪೊಲೀಸ್ ತನ್ನ ಅಂಗಿಯನ್ನು ಮುಚ್ಚಿಕೊಂಡು ಓಡಾಡುವ ಕಾಲ ಬಂದಿತ್ತು.

ಜನರ ಸಿಟ್ಟಿಗೆ ಕಾರಣವಿರಲಿಲ್ಲ ಎಂದಲ್ಲ. ಬೇಕಾದಷ್ಟಿತ್ತು. ದೊಡ್ಡವರ ಕಾರು ಕಂಡರೆ ಸಲ್ಯೂಟ್ ಹೊಡೆಯುವ ಕೈ, ತಳ್ಳುಗಾಡಿ ಕಂಡರೆ ಬೀಸುತ್ತಿತ್ತು. ಮೇಲಿನಿಂದ ಹೊರಟ ಮಾತು ಕೆಳಗೆ ಬೀದಿಗೆ ಬರುವ ಹೊತ್ತಿಗೆ ಲಾಠಿಯಾಗಿರುತ್ತಿತ್ತು. ಮಾತನ್ನು ಹೊರಡಿಸಿದವರ ಮುಖ ಬೀದಿಯವರಿಗೆ ಕಾಣುತ್ತಿರಲಿಲ್ಲ. ಲಾಠಿ ಹಿಡಿದವನ ಮುಖ ಮಾತ್ರ ಕಾಣುತ್ತಿತ್ತು.

ಹಳೇ ಮಾರುಕಟ್ಟೆಯನ್ನು ಎತ್ತಿಸುವ ದಿನ ಬಂತು. ಆ ಜಾಗದಲ್ಲಿ ಯಾರೋ ಹಣವಂತರು ಗಾಜಿನ ಮಾಲ್ ಕಟ್ಟಿಸುವವರಿದ್ದರು. ಬೀದಿ ಬದಿಯ ವ್ಯಾಪಾರಿಗಳು ಜಾಗ ಬಿಡಲಿಲ್ಲ. ಗಾಡಿಗಳನ್ನು ಒಂದಕ್ಕೊಂದು ಕಟ್ಟಿ, ಅವುಗಳ ಹಿಂದೆ ನಿಂತರು. ಪೇದೆಗಳನ್ನು ಮುಂದೆ ಸಾಲಾಗಿ ನಿಲ್ಲಿಸಿದರು. ಕೈಯಲ್ಲಿ ಬೆತ್ತದ ಗುರಾಣಿ, ತಲೆಯ ಮೇಲೆ ಆ ಹೆಲ್ಮೆಟ್ಟುಗಳು. ಅವರ ಹಿಂದೆ, ಬಹಳ ಹಿಂದೆ, ಕಬ್ಬಿಣದ ಜಾಲರಿ ಹಾಕಿದ ಜೀಪು. ಜೀಪಿನೊಳಗೆ ಇನ್ಸ್‌ಪೆಕ್ಟರ್ ಸಾಹೇಬರು. ಕೈಯಲ್ಲಿ ಮೈಕು.

ಜೆಸಿಬಿ ಮೊದಲ ಗಾಡಿಯನ್ನು ಮೇಲೆತ್ತಿತು. ಅದು ಬಾಚಣಿಗೆ, ಪಿನ್ನು, ಚಿಕ್ಕ ಕನ್ನಡಿ ಮಾರುವವನ ಗಾಡಿ. ಕನ್ನಡಿಗಳೆಲ್ಲ ಸುರಿದು ರಸ್ತೆಯ ಮೇಲೆ ಚೂರಾದವು. ಒಬ್ಬಳು ಹೆಂಗಸು ಕಿರುಚಿದಳು. ಆಮೇಲೆ ಕಲ್ಲು ಬಂತು. "ನುಗ್ಗಿ!" ಎಂದು ಮೈಕು ಕೂಗಿತು.

ಪೇದೆಗಳು ನುಗ್ಗಿದರು. ಗುಲಾಬಿ ಪಟ್ಟಿಯ ಹೆಲ್ಮೆಟ್ ಅವತ್ತು ಪೇದೆಗೇ ಸಿಕ್ಕಿತ್ತು. ಕಲ್ಲೊಂದು ಬಂದು ತಲೆಗೆ ಬಡಿದಾಗ ಪಟ್ಟಿ ಕಿತ್ತು ಬರಲಿಲ್ಲ. ಹೆಲ್ಮೆಟ್ಟೇ ಬಿರುಕಿನ ಗುಂಟ ಎರಡು ಹೋಳಾಯಿತು.

"ಕಲ್ಲೇನೂ ದೊಡ್ಡದಿರ್ಲಿಲ್ಲಮ್ಮ," ಎಂದರು ಸರ್ಕಾರಿ ಆಸ್ಪತ್ರೆಯ ಡಾಕ್ಟರು. "ಹೆಲ್ಮೆಟ್ಟಿನ ಚೂರೇ ಒಳಗೆ ಹೊಕ್ಕಿದೆ. ಎಡಗಣ್ಣು ಉಳಿಸೋಕಾಗ್ಲಿಲ್ಲ."

ಪೇದೆಯ ಹೆಂಡತಿ ಗೋಡೆ ಹಿಡಿದುಕೊಂಡು ಕೂತಳು. ಅಳು ಬರಲಿಲ್ಲ. ಬರಿಗೈಯಲ್ಲಿ ನೆಲವನ್ನು ಒರೆಸುತ್ತಲೇ ಇದ್ದಳು.

ಜನರಲ್ ವಾರ್ಡಿನಲ್ಲಿ ಪಕ್ಕದ ಮಂಚದ ಮೇಲೆ ಬಾಚಣಿಗೆ ಮಾರುವವನು ಮಲಗಿದ್ದ. ಲಾಠಿ ಏಟಿಗೆ ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿ ಎತ್ತಿ ಕಟ್ಟಿದ್ದರು. ಅವನ ಹೆಂಡತಿ ಮಂಚದ ಕೆಳಗೆ ಹಾಸಿಕೊಂಡಿದ್ದಳು. ಮೊದಲ ದಿನ ಇಬ್ಬರು ಹೆಂಗಸರೂ ಮಾತಾಡಲಿಲ್ಲ. ಎರಡನೆಯ ದಿನ ನಲ್ಲಿಯ ಹತ್ತಿರ ಜಗಳವಾಯಿತು.

"ಪೊಲೀಸಮ್ಮ ಬಂದ್ರು, ದಾರಿ ಬಿಡ್ರಪ್ಪ," ಎಂದಳು ಬಾಚಣಿಗೆಯವಳು.

"ನಾನೇನು ನಿನ್ನ ಕೊಡ ತಳ್ಳಿದ್ನಾ?"

"ಕೊಡ ತಳ್ಳಿದ್ರೆ ಎತ್ಕೊಳ್ತಿದ್ದೆ. ಕಾಲು ಮುರಿದ್ರಲ್ಲ, ಅದನ್ನ ಎಲ್ಲಿಂದ ಎತ್ಕೊಳ್ಲಿ? ನಿನ್ನ ಗಂಡ ಮಲಗಿದ್ರೂ ಸಂಬಳ ಬರುತ್ತೆ. ನನ್ನ ಗಂಡ ನಿಂತ್ರೇನೇ ಊಟ."

"ನನ್ನ ಗಂಡನ ಕಣ್ಣು ಹೋಯ್ತು."

ಬಾಚಣಿಗೆಯವಳು ನಲ್ಲಿ ನಿಲ್ಲಿಸಿದಳು. ಆಮೇಲೆ, "ಕಲ್ಲು ನಾನೂ ಎಸೆದೆ. ಸುಳ್ಳು ಹೇಳಲ್ಲ. ಯಾರಿಗೆ ಬಿತ್ತೋ ನೋಡ್ಲಿಲ್ಲ. ನಾಳೆ ಗಾಡಿ ಮುಟ್ಟಿದ್ರೆ ಮತ್ತೆ ಎಸೀತೀನಿ," ಎಂದು ಕೊಡ ಎತ್ತಿಕೊಂಡು ಹೋದಳು.

ಪೇದೆಯ ಹೆಂಡತಿಗೆ ಅವಳ ಜುಟ್ಟು ಹಿಡಿದು ಎಳೆಯಬೇಕೆನಿಸಿತು. ದಡದಡನೆ ವಾರ್ಡಿಗೆ ಬಂದಳು. ಗಂಡ ಅರ್ಧ ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು ಛಾವಣಿ ನೋಡುತ್ತಿದ್ದ. ಬಗ್ಗಿ ಪಿಸುಗುಟ್ಟಿದಳು.

"ರೀ, ಪಕ್ಕದವನ ಕಾಲು... ನೀವಾ?"

ಅವನು ಬಲಗೈಯನ್ನು ಬೆನ್ನಿನ ಕೆಳಗೆ ತೂರಿಸಿಕೊಂಡ.

"ಗೊತ್ತಿಲ್ಲ ಕಣೇ. ನುಗ್ಗಿ ಅಂದ್ರು, ನುಗ್ಗಿದ್ವಿ. ಬೀಸಿದೆ. ಯಾರಿಗೆ ತಗುಲ್ತು ಅಂತ ನೋಡ್ತಾ ಕೂತ್ರೆ ಕೈ ಮೇಲೇಳಲ್ಲ."

ಅವಳು ಅವತ್ತು ಊಟ ಮಾಡಲಿಲ್ಲ.

ಮಾರನೆಯ ದಿನ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಮಂಚದ ಹತ್ತಿರ ಕುರ್ಚಿ ಹಾಕಿಸಿಕೊಂಡರು. ಗಂಡನ ಆರೋಗ್ಯ ಕೇಳುವ ಮೊದಲೇ ಅವಳ ಕಡೆ ತಿರುಗಿದರು.

"ಆ ಗುಲಾಬಿ ಪಟ್ಟಿ ನೀವು ಹೊಲಿದಿದ್ದಂತೆ?"

"ಹೌದು ಸಾರ್. ದಾರ ಕಟ್ಟಿತ್ತು, ಅದಕ್ಕೆ..."

"ಇಲಾಖೆ ಸಾಮಾನಿಗೆ ಹೊರಗಿನವರು ಕೈ ಹಾಕ್ಬಾರ್ದಮ್ಮ. ಸೂಜಿ ಚುಚ್ಚಿ ಚುಚ್ಚಿ ಹೆಲ್ಮೆಟ್ ಸಡಿಲ ಆಯ್ತು ಅಂತ ಮೇಲಿನವರು ಅಂದ್ರೆ ನಾನೇನು ಹೇಳ್ಲಿ? ಪರಿಹಾರದ ವಿಷಯಕ್ಕೆ ಅಡ್ಡ ಬರುತ್ತೆ. ನಾನು ನಿಮ್ಮ ಕಡೆಯವನೇ. ಸುಮ್ನೆ ಹೇಳಿದೆ. ಎಲ್ಲೂ ಬಾಯಿ ಬಿಡ್ಬೇಡಿ." ಎದ್ದು ನಿಂತು ಟೋಪಿ ಸರಿಮಾಡಿಕೊಂಡರು. "ನಾಳೆ ಮಂತ್ರಿಗಳು ನೋಡೋಕೆ ಬರ್ತಾರೆ. ಸ್ವಲ್ಪ ನೀಟಾಗಿರಿ."

ಅವಳ ಮೈ ಉರಿಯಿತು. ಒಡೆದ ಹೆಲ್ಮೆಟ್ ಕೊಟ್ಟವರು ಯಾರೂ ತಪ್ಪಿತಸ್ಥರಲ್ಲ. ಹೊಲಿಗೆ ಹಾಕಿದವಳು ತಪ್ಪಿತಸ್ಥೆ!

ಬೆಳಿಗ್ಗೆಯಿಂದಲೇ ವಾರ್ಡು ತೊಳೆದರು. ಪೇದೆಯ ಮಂಚಕ್ಕೆ ಬಿಳೀ ಚಾದರ ಬಂತು. ಉಳಿದ ಮಂಚಗಳಿಗೆ ಬರಲಿಲ್ಲ. ಉದ್ದಣ್ಣ ಎಂದು ಎಲ್ಲರೂ ಕರೆಯುವ ಎತ್ತರದ ಪೇದೆಯೊಬ್ಬ, ಗಂಡನ ಜೊತೆಯವನು, ಒಂದು ಹೊಸ ಯೂನಿಫಾರ್ಮು ಮತ್ತು ಒಂದು ಹೊಸ ಹೆಲ್ಮೆಟ್ಟು ಹಿಡಿದುಕೊಂಡು ಬಂದ. ಅಂಗಿಯ ಬೆನ್ನನ್ನು ಮೇಲಿಂದ ಕೆಳಗೆ ಸೀಳಿದ್ದರು, ಮಲಗಿದವನಿಗೆ ಮುಂದಿನಿಂದ ತೊಡಿಸಲು. ಹೆಲ್ಮೆಟ್ಟು ಮಿರಿಮಿರಿ ಮಿಂಚುತ್ತಿತ್ತು. ಮುಂದೆ ದಪ್ಪ ಗಾಜು, ಒಳಗೆ ಮೆತ್ತನೆಯ ಸ್ಪಂಜು, ಅಗಲವಾದ ಪಟ್ಟಿ. ಅದನ್ನು ತಲೆಯ ಪಕ್ಕದ ಸ್ಟೂಲಿನ ಮೇಲೆ ಗಾಜು ಕಾಣುವಂತೆ ಇಟ್ಟ.

"ಇದೆಲ್ಲಿಂದ ಬಂತು?" ಎಂದು ಕೇಳಿದಳು.

ಉದ್ದಣ್ಣ ಅವಳ ಮುಖ ನೋಡಲಿಲ್ಲ. "ಸ್ಟೋರಲ್ಲಿತ್ತು ಅತ್ತಿಗೆ."

"ಸ್ಟೋರಲ್ಲಿತ್ತಾ? ಯಾವಾಗಿಂದ?"

"ಮಾರ್ಕೆಟ್ಟಿನ ಗಲಾಟೆಗೆ ಮೊದ್ಲೇ ಬಂದಿತ್ತು. ಸ್ಟೋರು ತುಂಬ ಇದೆ. ಮಂತ್ರಿಗಳ ಕೈಯಿಂದ್ಲೇ ಹಂಚಿಸ್ಬೇಕಂತೆ. ಅವರಿಗೆ ಪುರುಸೊತ್ತಾಗ್ಲಿಲ್ಲ, ಅದಕ್ಕೆ ಸಾಹೇಬ್ರು ಬೀಗ ಹಾಕಿ ಕೀಲಿ ತಾವೇ ಇಟ್ಕೊಂಡಿದ್ರು."

ಅವಳು ಸ್ಟೂಲಿನ ಮೇಲಿನ ಹೆಲ್ಮೆಟ್ಟನ್ನೂ ಮಂಚದ ಮೇಲಿನ ಬ್ಯಾಂಡೇಜಿನ ತಲೆಯನ್ನೂ ನೋಡಿದಳು. ಎರಡರ ನಡುವೆ ಒಂದು ಗೇಣು ಜಾಗವಿತ್ತು.

ಅಷ್ಟರಲ್ಲಿ ಆಸ್ಪತ್ರೆಯ ಆಳುಗಳು ಬಂದು ಪಕ್ಕದ ಮಂಚಕ್ಕೆ ಕೈ ಹಾಕಿದರು. ಬಾಚಣಿಗೆಯವನ ಮಂಚವನ್ನು ವರಾಂಡಕ್ಕೆ ತಳ್ಳಲು ಹೇಳಿದ್ದರಂತೆ. ಕಾಲು ಅಲುಗಿದ್ದೇ ಅವನು ಕಿಟಾರನೆ ಕಿರುಚಿದ.

"ಯಾಕ್ರೋ ಸಾಯಿಸ್ತೀರಿ ಅವನನ್ನ?" ಎಂದು ಬಾಚಣಿಗೆಯವಳು ಮಂಚದ ಸರಳು ಹಿಡಿದಳು.

"ಮಂತ್ರಿಗಳು ಬರೋವಾಗ ಕಲ್ಲು ಹೊಡೆದವನು ಪಕ್ಕದಲ್ಲಿ ಇರ್ಬಾರ್ದಂತೆ. ಫೋಟೋದಲ್ಲಿ ಬರುತ್ತೆ."

ಪೇದೆಯ ಹೆಂಡತಿ ಎದ್ದು ಬಂದು ಮಂಚದ ಇನ್ನೊಂದು ಸರಳು ಹಿಡಿದಳು. "ಮುಟ್ಬೇಡಿ."

"ನಿಮಗ್ಯಾಕಮ್ಮ? ಇವರೇ ನಿಮ್ಮ ಯಜಮಾನ್ರಿಗೆ..."

"ಯಾರು ಏನು ಮಾಡಿದ್ರು ಅಂತ ನಂಗೊತ್ತು. ಮಂಚ ಬಿಡಿ."

ಆಳುಗಳು ಮುಖ ಮುಖ ನೋಡಿಕೊಂಡರು. ಕೊನೆಗೆ ಹಸಿರು ಬಟ್ಟೆಯ ಪರದೆಯೊಂದನ್ನು ತಂದು ಎರಡು ಮಂಚಗಳ ನಡುವೆ ನಿಲ್ಲಿಸಿ ಹೋದರು.

ಮಂತ್ರಿಗಳು ಬಂದರು. ಕ್ಯಾಮೆರಾಗಳು ಬಂದವು. ಪೇದೆಯ ಎದೆಯ ಮೇಲೆ ಹೂಗುಚ್ಛ ಇಟ್ಟರು. "ನಮ್ಮ ಪೊಲೀಸರ ಮೇಲೆ ಕೈ ಎತ್ತಿದವರನ್ನ ಬಿಡೋದಿಲ್ಲ," ಎಂದರು. "ಅವರ ರಕ್ಷಣೆಗೆ ನೋಡಿ, ಎಂಥಾ ಒಳ್ಳೇ ಹೆಲ್ಮೆಟ್ ಕೊಟ್ಟಿದ್ದೇವೆ," ಎಂದು ಅದರ ಮೇಲೆ ಕೈಯಿಟ್ಟರು. ಬೆಳಕು ಫಳ್ ಫಳ್ ಎಂದಿತು. ಪೇದೆ ಉಳಿದ ಒಂದು ಕಣ್ಣನ್ನೂ ಮುಚ್ಚಿಕೊಂಡ. ಬಂದಷ್ಟೇ ಬೇಗ ಎಲ್ಲರೂ ಇಳಿದು ಹೋದರು.

ಇನ್ಸ್‌ಪೆಕ್ಟರ್ ಮಾತ್ರ ಉಳಿದರು. "ಬೇಗ ಬೇಗ ಬಿಚ್ಚಿ. ಇನ್ನೊಂದು ಆಸ್ಪತ್ರೇಲೂ ಒಬ್ಬ ಪೇದೆ ಇದಾನೆ. ಮಂತ್ರಿಗಳು ಮುಟ್ಟೋದ್ರೊಳಗೆ ಅಲ್ಲಿಗೆ ಹೋಗ್ಬೇಕು."

ಉದ್ದಣ್ಣ ಪೇದೆಯ ಮೈಮೇಲಿನ ಹೊಸ ಅಂಗಿ ಬಿಚ್ಚಿದ. ಹೂಗುಚ್ಛವನ್ನೂ ಎತ್ತಿಕೊಂಡ. ಹೆಲ್ಮೆಟ್ಟಿನತ್ತ ಕೈ ಚಾಚುವಷ್ಟರಲ್ಲಿ ಪೇದೆಯ ಹೆಂಡತಿ ಅದನ್ನು ಎತ್ತಿ ಎದೆಗೆ ಅವಚಿಕೊಂಡಿದ್ದಳು.

"ಕೊಡಮ್ಮ," ಎಂದರು ಸಾಹೇಬರು.

"ಕೊಡಲ್ಲ."

"ಅದು ಸರ್ಕಾರದ್ದು!"

"ಕಣ್ಣು ಯಾರದ್ದು ಸಾರ್? ಅದನ್ನೂ ಸರ್ಕಾರವೇ ತಗೊಂಡ್ತಲ್ಲ. ಇದು ಅವತ್ತು ಇವರ ತಲೆ ಮೇಲಿರ್ಬೇಕಿತ್ತು. ನೀವು ಬೀಗ ಹಾಕಿಟ್ರಿ. ಬೀಗದ ಕೈ ನಿಮ್ಮ ಸೊಂಟದಲ್ಲಿತ್ತು. ನಂಗೆ ಬಂದು ಹೇಳ್ತೀರಿ, ನಾನು ಸೂಜಿ ಚುಚ್ಚಿದೆ ಅಂತ!"

ವಾರ್ಡಿನ ಮಂಚಗಳ ಮೇಲೆ ಒಬ್ಬೊಬ್ಬರೇ ಎದ್ದು ಕೂತರು. ಬಾಗಿಲಲ್ಲಿ ಕಾವಲಿಗೆ ನಿಂತಿದ್ದ ಪೇದೆಗಳು ಒಳಗೆ ಬಂದರು. ಅವರ ತಲೆಯ ಮೇಲೆಲ್ಲ ಹಳೇ ಹೆಲ್ಮೆಟ್ಟುಗಳು.

"ಏಯ್, ಕಿತ್ಕೊಳ್ಳೋ," ಎಂದರು ಸಾಹೇಬರು ಉದ್ದಣ್ಣನಿಗೆ.

ಉದ್ದಣ್ಣ ಅಲ್ಲೇ ನಿಂತ.

"ಕೇಳಿಸ್ಲಿಲ್ವಾ?"

ಉದ್ದಣ್ಣ ತನ್ನ ತಲೆಯ ಮೇಲಿನ ಹಳೇ ಹೆಲ್ಮೆಟ್ಟನ್ನು ಕಳಚಿದ. ಸಾಹೇಬರ ಮುಂದೆ ಹಿಡಿದ. "ಇದನ್ನ ತಗೊಂಡ್ಹೋಗಿ ಸಾರ್. ಮಂತ್ರಿಗಳು ಇದನ್ನೂ ಒಂದ್ಸಲ ನೋಡ್ಲಿ. ಇಲ್ಲಾಂದ್ರೆ ನಾಳೆ ಮಾರ್ಕೆಟ್ಟಿಗೆ ಇದನ್ನ ನೀವು ಹಾಕ್ಕೊಂಡು ಮುಂದಿನ ಸಾಲಲ್ಲಿ ನಿಲ್ಲಿ. ನಾವು ಜೀಪಲ್ಲಿ ಕೂತು 'ನುಗ್ಗಿ' ಅಂತೀವಿ."

ಯಾರೋ ಒಬ್ಬ ರೋಗಿ ಗಹಗಹಿಸಿ ನಕ್ಕ. ಬಾಗಿಲಲ್ಲಿದ್ದ ಪೇದೆಗಳು ನಗಲಿಲ್ಲ. ಒಬ್ಬ ತನ್ನ ಹೆಲ್ಮೆಟ್ ಕಳಚಿ ನೆಲದ ಮೇಲಿಟ್ಟ. ಇನ್ನೊಬ್ಬನೂ ಇಟ್ಟ. ಕೆಳಗೆ ಮಂತ್ರಿಗಳ ಬೆಂಗಾವಲಿನ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು. ಸಾಹೇಬರು ಕೆಂಪಗಾಗಿ, "ನೋಡ್ಕೋತೀನಿ ಒಬ್ಬೊಬ್ಬರನ್ನ," ಎಂದು ಬರಿಗೈಯಲ್ಲಿ ಮೆಟ್ಟಿಲಿಳಿದರು.

ನೋಡಿಕೊಂಡರು ಕೂಡ. ಸಂಜೆಯೊಳಗೆ ಉದ್ದಣ್ಣ ಸಸ್ಪೆಂಡ್ ಆದ. ಪೇದೆಯ ಹೆಂಡತಿಯ ಮೇಲೆ ಸರ್ಕಾರಿ ಸ್ವತ್ತು ಕಸಿದ ಕೇಸು. ಸುದ್ದಿ ಕ್ವಾರ್ಟರ್ಸಿನ ಮನೆಮನೆಗೂ ಮುಟ್ಟಿತು. ಪೇದೆಗಳು ಮುಷ್ಕರ ಮಾಡುವಂತಿಲ್ಲ, ಕೆಲಸ ಹೋಗುತ್ತದೆ. ಆದರೆ ಅವರ ಹೆಂಡಂದಿರಿಗೆ ಯಾವ ಸಾಹೇಬನೂ ಸಂಬಳ ಕೊಡುತ್ತಿರಲಿಲ್ಲ.

ಬೆಳಿಗ್ಗೆ ಅವರೆಲ್ಲ ಠಾಣೆಯ ಗೇಟಿನ ಮುಂದೆ ಸೇರಿದರು. ಕೆಲವರ ಕಂಕುಳಲ್ಲಿ ಮಕ್ಕಳು, ಕೆಲವರ ಕೈಯಲ್ಲಿ ಗಂಡಂದಿರ ಹರಿದ ಬೂಟು, ಬಣ್ಣ ಹೋದ ಅಂಗಿ. ಪೇದೆಯ ಹೆಂಡತಿ ಎಲ್ಲರ ಮುಂದೆ ನಿಂತಳು. "ಸ್ಟೋರಿನ ಬೀಗ ತೆಗೀರಿ!" ಎಂದು ಕೂಗಿದಳು. ಗೇಟನ್ನು ಒಳಗಿನಿಂದ ಸರಪಳಿ ಹಾಕಿ ಮುಚ್ಚಿದ್ದರು. ಒಳಗೆ ಕಾವಲಿಗೆ ನಿಂತಿದ್ದವರು ಇವರ ಗಂಡಂದಿರೇ. ಅವರು ನೆಲ ನೋಡುತ್ತಿದ್ದರು.

ರಸ್ತೆಯ ಆ ಕಡೆಯಿಂದ ಬಾಚಣಿಗೆಯವಳು ಬಂದಳು. ಅವಳ ಹಿಂದೆ ಮಾರುಕಟ್ಟೆಯ ಹೆಂಗಸರು. ಎರಡೂ ಗುಂಪಿನವರು ದುರುದುರು ನೋಡಿಕೊಂಡರು. ಕೂಗು ನಿಂತಿತು.

"ನಿಮಗೆ ಹೊಸ ಹೆಲ್ಮೆಟ್ ಕೊಡಿಸೋಕೆ ನಾನು ಬಂದಿಲ್ಲ," ಎಂದಳು ಬಾಚಣಿಗೆಯವಳು ಗಟ್ಟಿಯಾಗಿ. "ಅದನ್ನ ಹಾಕ್ಕೊಂಡು ಇನ್ನೂ ಚೆನ್ನಾಗಿ ಬಾರಿಸ್ಲಿ ಅಂತಾನಾ? ನನ್ನ ಗಂಡನ ಕಾಲು ಮುರಿಸಿದ್ದು ಯಾರು ಅಂತ ಕೇಳೋಕೆ ಬಂದಿದ್ದೀನಿ."

ಪೇದೆಯ ಹೆಂಡತಿ ಅವಳನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಬಾ, ಕೇಳು. ನಾನು ಕಣ್ಣು ಕೇಳ್ತೀನಿ, ನೀನು ಕಾಲು ಕೇಳು. ಗೇಟು ಒಂದೇ ಅಲ್ವಾ?"

ಇಬ್ಬರೂ ಕಬ್ಬಿಣದ ಸರಳುಗಳನ್ನು ಹಿಡಿದು ಅಲುಗಿಸತೊಡಗಿದರು.