ಡಂಬಳದ ಹತ್ತಿರ ನಿಂತ ಜೀಪು

ಗದಿಗೆವ್ವನ ಶಿವಗಣಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಅವಳ ಗಂಡ ಅಂದಪ್ಪ ಮುಂಡರಗಿಯಲ್ಲಿ ಬಸ್ಸು ಹತ್ತಿ ಗದಗಿಗೆ ಹೊಂದಿಕೊಂಡ ಬೆಟಗೇರಿಗೆ ಬಂದ. ಅವನ ಜೀಪು ಹನ್ನೊಂದು ದಿನಗಳಿಂದ ಮೌಲಾಸಾಬನ ಗ್ಯಾರೇಜಿನಲ್ಲಿ ನಿಂತಿತ್ತು. ರಸ್ತೆಯ ಬದಿಯಲ್ಲಿ ನಿಂತಿದ್ದ ಅದನ್ನು ಟೋಚನ್ ಹಾಕಿ ಎಳೆದು ತಂದವನು ಮೌಲಾಸಾಬನೇ. ಸಾವಿನ ಮನೆಯಲ್ಲಿ ಮೂವತ್ತು ವರ್ಷದ ಹಳೆಯ ಜೀಪಿನ ನೆನಪು ಯಾರಿಗೂ ಆಗಿರಲಿಲ್ಲ. ಅಂದಪ್ಪನಿಗೆ ಮಾತ್ರ ಒಂದು ದಿನವೂ ಮರೆತಿರಲಿಲ್ಲ.

ಅವನು ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಅಷ್ಟು ವರ್ಷಗಳಲ್ಲಿ ಒಂದು ಅಪಘಾತವಿಲ್ಲ, ಸುಟ್ಟ ಎಂಜಿನ್ ಒಂದೂ ಇಲ್ಲ. ಡಿಪೋಗೆ ಬಂದ ಹೊಸಬರಿಗೆ ಅವನು ಮೊದಲು ಕಲಿಸುತ್ತಿದ್ದ ಪಾಠ ಒಂದೇ: ಆಯಿಲ್ ಒತ್ತಡ ತೋರಿಸುವ ಮೀಟರಿನ ಮುಳ್ಳು ಬಿದ್ದರೆ ಅಲ್ಲೇ ನಿಲ್ಲಿಸು, ಎಂಜಿನ್ ಬಂದ್ ಮಾಡು, ಒಳಗೆ ಕೂತವರು ಯಾರೇ ಇರಲಿ, ಏನೇ ಅನ್ನಲಿ, ಮತ್ತೆ ಚಾಲೂ ಮಾಡಬೇಡ. ಒಮ್ಮೆ ಶಿರಹಟ್ಟಿಯ ದಾರಿಯಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗನನ್ನೇ ಕೆಳಗಿಳಿಸಿ ನಿಲ್ಲಿಸಿದ್ದ. ಮುಹೂರ್ತ ತಪ್ಪಿತು, ಬೀಗರು ಬಾಯಿಗೆ ಬಂದಂತೆ ಬೈದರು, ಎಂಜಿನ್ ಉಳಿಯಿತು. ಅದನ್ನು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಹನ್ನೊಂದು ದಿನದ ಹಿಂದೆ ಬೆಳಗಿನ ಆರಕ್ಕೆ ಗದಿಗೆವ್ವನಿಗೆ ಎದೆನೋವು ಬಂದಿತು. ಆಂಬುಲೆನ್ಸು ಬೇರೊಂದು ಹಳ್ಳಿಗೆ ಹೋಗಿತ್ತು. ಅಂದಪ್ಪ ಅವಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಗದಗಿನ ಹಾದಿ ಹಿಡಿದ. ಡಂಬಳ ದಾಟಿ ಎರಡು ಕಿಲೋಮೀಟರು ಬಂದಾಗ ಆಯಿಲ್ ಮೀಟರಿನ ಮುಳ್ಳು ಸೊನ್ನೆಗೆ ಬಿದ್ದಿತು. ಅವನು ನಿಲ್ಲಿಸಿದ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಆಯಿಲ್ ತುಂಬ ಇತ್ತು. ಆದರೂ ಚಾಲೂ ಮಾಡಲಿಲ್ಲ. ಕಾಯಿಪಲ್ಲೆಯ ಟೆಂಪೋ ಒಂದು ಬಂದು ಅವರನ್ನು ಹತ್ತಿಸಿಕೊಳ್ಳುವ ಹೊತ್ತಿಗೆ ಇಪ್ಪತ್ತೆರಡು ನಿಮಿಷ ಕಳೆದಿದ್ದವು. ದವಾಖಾನೆಯಲ್ಲಿ ಡಾಕ್ಟರು, ಹದಿನೈದು ನಿಮಿಷ ಮೊದಲು ಬಂದಿದ್ದರೆ ಉಳಿಸಬಹುದಿತ್ತು ಎಂದರು. ಇಪ್ಪತ್ತೆರಡರಲ್ಲಿ ಹದಿನೈದು ಕಳೆದರೆ ಏಳು ಉಳಿಯುತ್ತದೆ. ಹನ್ನೊಂದು ದಿನ ಆ ಏಳು ಅವನ ಮುಂದೆ ಕೂತಿತ್ತು. ಅಳು ಬರಲಿಲ್ಲ, ಹಸಿವೆಯೂ ಆಗಲಿಲ್ಲ. ಕೊಟ್ಟಾಗ ಉಂಡ, ಹೇಳಿದಲ್ಲಿ ಕೂತ.

ಕೇಳಿದವರಿಗೆಲ್ಲ ಅವನು ಹೇಳಿದ್ದು ಎರಡೇ ಮಾತು: ಗಾಡಿ ಕೆಟ್ಟಿತು. ಲಕ್ಷ್ಮೇಶ್ವರದಿಂದ ಓಡಿಬಂದ ಒಬ್ಬಳೇ ಮಗಳು ಶೃತಿಗೂ ಅದನ್ನೇ ಹೇಳಿದ. ಆಯಿಲ್ ಒತ್ತಡ ನಿಜವಾಗಿ ಇಳಿದಿದ್ದರೆ ಆ ಎರಡು ಮಾತು ಸತ್ಯ. ಹಾಗೇ ಓಡಿಸಿದ್ದರೆ ನಾಲ್ಕಾರು ಕಿಲೋಮೀಟರಿನಲ್ಲಿ ಎಂಜಿನ್ ಹಿಡಿದುಕೊಂಡು ಅಲ್ಲೇ ನಿಲ್ಲುತ್ತಿತ್ತು, ದಾರಿ ಕಾಯುವುದು ತಪ್ಪುತ್ತಿರಲಿಲ್ಲ. ಇಳಿಯದೆ ಇದ್ದರೆ, ಕೆಟ್ಟಿದ್ದು ಗಾಡಿಯಲ್ಲ.

ಗ್ಯಾರೇಜಿನಲ್ಲಿ ಅವನು ಕುಳಿತುಕೊಳ್ಳಲೂ ಇಲ್ಲ.

“ಎಂಜಿನ್ ಬಿಚ್ಚಬ್ಯಾಡ, ಮೌಲಾ. ಪ್ರೆಶರ್ ಖರೇನ ಇಳದಿತ್ತೋ ಇಲ್ಲೋ, ಅಷ್ಟ ನೋಡು.”

ಮೌಲಾಸಾಬ ನಲವತ್ತು ವರ್ಷದ ಪರಿಚಯದವನು, ನಾಲಿಗೆ ಸಡಿಲ. ಅಂದಪ್ಪನ ಮುಖ ನೋಡಿ ಒಂದಿಷ್ಟು ನಗಿಸಬೇಕೆಂದುಕೊಂಡ.

“ಡಿಪೋದವರ ಹಣೇಬಾರನ ಇಷ್ಟರೀ ಅಣ್ಣಾರ. ಹೆಂಡ್ತಿ ಮಾತು ಕೇಳೂದಿಲ್ಲ, ಮುಳ್ಳಿನ ಮಾತು ಕೇಳ್ತೀರಿ.”

ಅಂದ ಮೇಲೆ ತಾನು ಏನಂದೆನೆಂದು ಅವನಿಗೆ ತಿಳಿಯಿತು. ನಾಲಿಗೆ ಕಚ್ಚಿಕೊಂಡು ನಟ್ಟು ಬಿಚ್ಚುವ ಪಾನಾ ಹುಡುಕುವ ನೆಪದಲ್ಲಿ ಒಳಗೆ ಹೋದ.

ಮೌಲಾಸಾಬ ಕ್ರಮ ಬಿಡುವವನಲ್ಲ. ಕಡ್ಡಿ ಎಳೆದು ಆಯಿಲನ್ನು ಎರಡು ಬೆರಳಿನ ನಡುವೆ ತಿಕ್ಕಿದ; ತೆಳುವಾಗಿರಲಿಲ್ಲ, ಡೀಸೆಲ್ ವಾಸನೆ ಇರಲಿಲ್ಲ. ಫಿಲ್ಟರ್ ಬಿಚ್ಚಿ ಕತ್ತರಿಸಿ ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದ. ಬೇರಿಂಗ್ ಸವೆದಿದ್ದರೆ ಅಲ್ಲಿ ಲೋಹದ ಪುಡಿ ಮಿನುಗಬೇಕು. ಮಿನುಗಲಿಲ್ಲ. ಹೊಸ ಫಿಲ್ಟರ್ ಹಾಕಿದ ಮೇಲೆ ಎಂಜಿನ್ನಿನ ಮಗ್ಗುಲಲ್ಲಿದ್ದ ಹೆಬ್ಬೆರಳಿನ ಗಾತ್ರದ ಆಯಿಲ್ ಸ್ವಿಚ್ಚನ್ನು ತೋರಿಸಿದ. ಒಳಗಿನ ಒತ್ತಡವನ್ನು ವಯರಿನ ಮೂಲಕ ಮೀಟರಿಗೆ ಹೇಳುವುದು ಅದೇ. ಅದರ ಬುಡದಲ್ಲಿ ಒಂದು ಕವಲು ಜೋಡಿಸಿ, ಕವಲಿಗೆ ತನ್ನ ಕೈ ಮೀಟರಿನ ಪೈಪು ತಿರುಪಿದ. ಕೈ ಮೀಟರಿಗೆ ವಯರಿಲ್ಲ. ಆಯಿಲೇ ನೇರವಾಗಿ ಬಂದು ಅದರ ಮುಳ್ಳನ್ನು ದೂಡುತ್ತದೆ. ಪೈಪನ್ನು ಬಾನೆಟ್ಟಿನ ಸಂದಿಯಿಂದ ಹೊರಗೆ ತಂದು ಮೀಟರನ್ನು ಚಾಲಕನ ಮುಂದಿನ ಗಾಜಿಗೆ ಟೇಪಿನಿಂದ ಅಂಟಿಸಿದ.

ಎಂಜಿನ್ ಚಾಲೂ ಆಯಿತು. ಎರಡೂ ಮುಳ್ಳು ಐವತ್ತು ಪೌಂಡಿಗೆ ಏರಿ ನಿಂತವು. ತಣ್ಣಗಿರುವಾಗ ಹಾಗೇ ಇರುತ್ತದೆ, ಬಿಸಿಯಾಗಿ ಆಯಿಲ್ ತೆಳ್ಳಗಾದ ಮೇಲೆ ಸುಳ್ಳು ಸತ್ಯ ತಿಳಿಯುತ್ತದೆ ಎಂದು ಮೌಲಾಸಾಬ ಹೇಳಿದ. ಅದು ಅಂದಪ್ಪನಿಗೂ ಗೊತ್ತಿತ್ತು. ಮುಂಡರಗಿಯ ರಸ್ತೆಯಲ್ಲೇ ಹೋಗೋಣ, ಆ ದಿನದಷ್ಟೇ ವೇಗ, ಗಂಟೆಗೆ ಐವತ್ತು, ನಾನೇ ಓಡಿಸುತ್ತೇನೆ ಎಂದ.

ಹತ್ತು ಕಿಲೋಮೀಟರು ಸಾಗಿದರು. ಎಡಬಲಗಳಲ್ಲಿ ಕಡಲೆ ಹೊಲಗಳು, ದೂರದಲ್ಲಿ ಕಪ್ಪತಗುಡ್ಡ. ಅಂದಪ್ಪ ಅವನ್ನು ನೋಡಲಿಲ್ಲ. ಗಾಜಿನ ಮೇಲಿನ ಮುಳ್ಳು ನಲವತ್ತೈದಕ್ಕೆ ಇಳಿಯಿತು, ನಲವತ್ತಕ್ಕೆ ಬಂದಿತು. ಅದು ಬೀಳಲಿ ಎಂದು ಅವನು ಬಯಸಿದ. ಜೀವಮಾನದಲ್ಲಿ ಒಂದು ಎಂಜಿನ್ ಕೆಡಲಿ ಎಂದು ಅವನು ಬಯಸಿದ್ದು ಅದೇ ಮೊದಲು.

ಹದಿನೇಳನೆಯ ಕಿಲೋಮೀಟರಿನಲ್ಲಿ ಜೀಪಿನ ಮುಳ್ಳು ಒಮ್ಮೆ ನಡುಗಿ ಸೊನ್ನೆಗೆ ಬಿದ್ದಿತು.

ಅವನ ಬಲಗಾಲು ಬ್ರೇಕಿನ ಮೇಲೆ ಹೋಗಿಯೇ ಬಿಟ್ಟಿತ್ತು. ಮೌಲಾಸಾಬ ಅವನ ಮೊಣಕಾಲಿನ ಮೇಲೆ ಕೈ ಇಟ್ಟ.

“ನಡಸ್ರಿ ಅಣ್ಣಾರ. ಇದನ್ನ ನೋಡ್ರಿ.”

ಗಾಜಿನ ಮೇಲಿನ ಮುಳ್ಳು ಮೂವತ್ತೆಂಟರಲ್ಲಿ ಅಲುಗದೆ ನಿಂತಿತ್ತು. ಅಂದಪ್ಪ ಕಾಲು ತೆಗೆದ. ಮುಂದೆ ಎರಡು ಕಿಲೋಮೀಟರಿಗೆ ಆ ಜಾಗ ಬಂದಿತು. ಜೀಪು ಅದನ್ನು ದಾಟಿತು. ಎಂಜಿನ್ ಬಡಿಯಲಿಲ್ಲ, ಹೊಗೆ ಕಾರಲಿಲ್ಲ. ಸೊನ್ನೆ ತೋರಿಸುವ ಮುಳ್ಳಿನೊಂದಿಗೆ ಅದು ಡಂಬಳದವರೆಗೆ ಓಡಿತು. ಅಲ್ಲಿ ಅವನು ಬೇವಿನ ಮರದ ಕೆಳಗೆ ನಿಲ್ಲಿಸಿದ, ಎಂಜಿನ್ ಬಂದ್ ಮಾಡಲಿಲ್ಲ. ಗಾಜಿನ ಮುಳ್ಳು ಇಪ್ಪತ್ತಕ್ಕೆ ಇಳಿದು ನಿಂತಿತು. ಬಿಸಿ ಎಂಜಿನ್ ಸುಮ್ಮನೆ ಓಡುತ್ತಿರುವಾಗ ಅಷ್ಟಿದ್ದರೆ ಸಾಕು.

ಸ್ವಿಚ್ಚು ಬಿಸಿಯಾದಾಗ ಸಾಯುತ್ತದೆ, ತಣ್ಣಗಾದಾಗ ಬದುಕುತ್ತದೆ, ಹಳೆಯ ಗಾಡಿಗಳಲ್ಲಿ ಇದ್ದದ್ದೇ, ಎಂಜಿನ್ನಿಗೆ ಇನ್ನೂ ಹತ್ತು ವರ್ಷ ಭಯವಿಲ್ಲ ಎಂದು ಮೌಲಾಸಾಬ ಸಣ್ಣ ದನಿಯಲ್ಲಿ ಹೇಳಿದ. ಅಷ್ಟು ಹೊತ್ತಿಗೆ ಅವನಿಗೆ ಎಲ್ಲವೂ ತಿಳಿದಿತ್ತು.

“ಯಾರರ ಕೇಳಿದ್ರ ಆಯಿಲ್ ಪಂಪ್ ಹೋಗಿತ್ತಂತ ನಾ ಹೇಳ್ತೀನ್ರಿ. ಹಳೇ ಪಂಪ್ ಒಂದು ಬಿದ್ದೈತಿ, ಬೇಕಾರ ಅದನ್ನ ತೋರಿಸಿದ್ರಾತು.”

“ಬ್ಯಾಡ,” ಎಂದ ಅಂದಪ್ಪ. ಎಂಜಿನ್ ಬಂದ್ ಮಾಡಿ ಜೇಬಿನಿಂದ ಫೋನು ತೆಗೆದ. ಮೌಲಾಸಾಬ ಕೆಳಗಿಳಿದು ಮರದ ಆಚೆಗೆ ಹೋಗಿ ನಿಂತ.

ಶೃತಿ ಮೊದಲ ರಿಂಗಿಗೇ ಎತ್ತಿದಳು. ಉಂಡಿರೋ ಇಲ್ಲವೋ, ಎಲ್ಲಿ ಹೋಗಿದ್ದೀರಿ ಎಂದು ಕೇಳಿದಳು. ಅವನು ನೇರ ವಿಷಯಕ್ಕೆ ಬಂದ.

“ಅವತ್ತ ಗಾಡಿ ಕೆಟ್ಟಿದ್ದಿಲ್ಲ, ಯವ್ವಾ. ನಾನ ನಿಲ್ಲಿಸಿದ್ದೆ.”

ಮುಳ್ಳು ಬಿದ್ದದ್ದು, ತಾನು ಎಂಜಿನ್ ಬಂದ್ ಮಾಡಿದ್ದು, ಇಂದು ಪರೀಕ್ಷೆ ಮಾಡಿಸಿದ್ದು, ಒತ್ತಡ ಸರಿಯಾಗಿದ್ದದ್ದು, ಇಷ್ಟನ್ನೂ ಅವನು ವರದಿ ಒಪ್ಪಿಸುವವನಂತೆ ಹೇಳಿದ. ಎಷ್ಟು ಹೊತ್ತು ನಿಂತಿದ್ದಿರಿ ಎಂದು ಅವಳು ಕೇಳಿದಳು. ಇಪ್ಪತ್ತೆರಡು ನಿಮಿಷ ಎಂದ.

“ಅವ್ವ ಏನರ ಅಂದ್ಲೇನ್ರಿ?”

“ಯಾಕ ನಿಲ್ಲಿಸಿದ್ರಿ ಅಂದ್ಲು. ಎಂಜಿನ್ ಸುಡತೈತಿ, ತಡಿ ಅಂದೆ.”

“ಅದಕ್ಕ?”

“ಆತು ಅಂದ್ಲು.”

ಶೃತಿ ಫೋನು ಇಡಲಿಲ್ಲ. ಮುಂಡರಗಿಗೆ ಹೋಗುವ ಬಸ್ಸೊಂದು ಬಂದು ನಿಂತು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೊರಟಿತು. ಆಮೇಲೆ ಅವಳ ದನಿ ಬಂದಿತು. ಅದರಲ್ಲಿ ಸಿಟ್ಟಿತ್ತೋ ಅಳುವಿತ್ತೋ ಅವನಿಗೆ ತಿಳಿಯಲಿಲ್ಲ.

“ಮೊದಲಿಂದ ಹೇಳ್ರಿ ಅಪ್ಪಾ. ಒಂದೂ ಬಿಡಬ್ಯಾಡ್ರಿ.”

ಅಂದಪ್ಪ ಆ ಬೆಳಗಿನ ಆರು ಗಂಟೆಯಿಂದ ಹೇಳತೊಡಗಿದ.